ಒಂದೇ ಪುಸ್ತಕ, ಒಂದೇ ಬಿಸಿಯೂಟ: ಆದರೂ ಹಿಂದೆ ಬೀಳುವವರು ಅವರೇ ಏಕೆ?

ಪ್ರಶ್ನೆ: ನಾನು ರಾಯಚೂರು ಜಿಲ್ಲೆ ಮಸ್ಕಿ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ದೂರಶಿಕ್ಷಣದಲ್ಲಿ ಸಮಾಜಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ನಮ್ಮ ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪುಸ್ತಕ, ಒಂದೇ ಸಮವಸ್ತ್ರ, ಒಂದೇ ಬಿಸಿಯೂಟ. ಆದರೂ ಪ್ರತಿ ವರ್ಷ ಹಿಂದೆ ಬೀಳುವವರು ಅದೇ ಕೇರಿಯ, ಅದೇ ತಾಂಡಾದ ಮಕ್ಕಳು. "ಮನೆ ಸರಿ ಇಲ್ಲದಿದ್ದರೆ ಶಾಲೆ ಏನು ಮಾಡೀತು?" ಎನ್ನುತ್ತಾರೆ ನಮ್ಮ ಮುಖ್ಯ ಗುರುಗಳು. ಶಾಲೆ ಅಸಮಾನತೆಯನ್ನು ಪುನರುತ್ಪಾದಿಸುತ್ತದೆ ಎನ್ನುತ್ತದೆ ನನ್ನ ಪಠ್ಯ. ಇಬ್ಬರೂ ಹೇಳುವುದು ಒಂದೇ ಆದರೆ ನಾನು ಪಾಠ ಮಾಡುವುದಾದರೂ ಏಕೆ? ಎಂಟನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಲೆಕ್ಕದಲ್ಲಿ ಎಲ್ಲರಿಗಿಂತ ಚುರುಕು. ದೀಪಾವಳಿ ಮುಗಿಯುತ್ತಿದ್ದಂತೆ ಅಪ್ಪ ಅವ್ವನ ಜೊತೆ ಬೆಂಗಳೂರಿಗೆ ಗುಳೆ ಹೋಗುತ್ತಾಳೆ. ಅವಳಿಗಾಗಿ ಏನು ಮಾಡಬಹುದು?

ಉತ್ತರ: ನಿಮ್ಮ ಮುಖ್ಯ ಗುರುಗಳ ಮಾತೂ ನಿಮ್ಮ ಪಠ್ಯದ ಮಾತೂ ಕಿವಿಗೆ ಒಂದೇ ರಾಗದಂತೆ ಬೀಳುತ್ತವೆ. ಆದರೆ ಅವು ಒಂದೇ ಅಲ್ಲ. ಶಾಲೆಯ ಕೈಯಲ್ಲಿ ಏನೂ ಇಲ್ಲ ಎಂದು ಮುಖ್ಯ ಗುರುಗಳು ಹೇಳುತ್ತಾರೆ. ಶಾಲೆ ತನ್ನ ಕೈಯಾರೆ ಏನನ್ನೋ ಮಾಡುತ್ತಿದೆ ಎಂದು ಪಠ್ಯ ಹೇಳುತ್ತದೆ. ಮೊದಲನೆಯದು ಶಾಲೆಯನ್ನು ಕಟಕಟೆಯಿಂದ ಇಳಿಸುತ್ತದೆ, ಎರಡನೆಯದು ಹತ್ತಿಸುತ್ತದೆ. ಮೂರು ದಶಕ ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದ ನಾನು ಎರಡನೆಯದರ ಕಡೆಗೇ ವಾಲುತ್ತೇನೆ. ಮಾಡುತ್ತಿರುವುದನ್ನು ಬಿಡುವುದು ಯಾರಿಗಾದರೂ ಸಾಧ್ಯ. ಕೈಯಲ್ಲಿ ಇಲ್ಲದ್ದನ್ನು ಮಾಡುವುದು ಸಾಧ್ಯವಿಲ್ಲ.

"ಮನೆ ಸರಿ ಇಲ್ಲದಿದ್ದರೆ" ಎಂಬ ಮಾತಿಗೆ ದೊಡ್ಡ ವಂಶಾವಳಿಯೇ ಇದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದ ಮೇಲೆ ಜೇಮ್ಸ್ ಕೋಲ್ಮನ್ ಎಂಬ ಸಮಾಜಶಾಸ್ತ್ರಜ್ಞರ ನೇತೃತ್ವದಲ್ಲಿ ಸುಮಾರು ಆರು ಲಕ್ಷ ಮಕ್ಕಳ ಸಮೀಕ್ಷೆ ನಡೆಯಿತು. ಕರಿಯ ಮಕ್ಕಳ ಶಾಲೆಗಳಿಗೆ ಕಟ್ಟಡ, ಪ್ರಯೋಗಾಲಯ, ಪುಸ್ತಕಗಳ ಕೊರತೆ ಇರುವುದರಿಂದ ಅವರು ಹಿಂದಿದ್ದಾರೆ ಎಂಬ ಉತ್ತರವನ್ನು ಎಲ್ಲರೂ ನಿರೀಕ್ಷಿಸಿದ್ದರು. 1966ರಲ್ಲಿ ವರದಿ ಬಂದಾಗ ಉತ್ತರ ಬೇರೆಯೇ ಆಗಿತ್ತು: ಕಲಿಕೆಯ ಅಂತರಕ್ಕೆ ಶಾಲೆಯ ಸೌಕರ್ಯಗಳಿಗಿಂತ ಕುಟುಂಬದ ಹಿನ್ನೆಲೆಯೇ ಹೆಚ್ಚು ಕಾರಣ. ಅಂದಿನಿಂದ ಈ ಒಂದು ಸಾಲು ಊರೂರು ಸುತ್ತಿ ನಿಮ್ಮ ಶಾಲೆಯ ಸಿಬ್ಬಂದಿ ಕೊಠಡಿಗೂ ಬಂದು ಕುಳಿತಿದೆ. ಅದೇ ವರದಿಯ ಇನ್ನೊಂದು ಸಾಲು ಮಾತ್ರ ದಾರಿಯಲ್ಲೇ ಉದುರಿಹೋಯಿತು. ಒಳ್ಳೆಯ ಶಿಕ್ಷಕರು ಸಿಕ್ಕರೆ ಅದರ ಪರಿಣಾಮ ಉಳ್ಳವರ ಮಕ್ಕಳಿಗಿಂತ ಇಲ್ಲದವರ ಮಕ್ಕಳ ಮೇಲೆ ಹೆಚ್ಚು ಎಂದೂ ಕೋಲ್ಮನ್ ತಂಡ ಬರೆದಿತ್ತು.

1983ರಲ್ಲಿ ಹೇನಮನ್ ಮತ್ತು ಲಾಕ್ಸ್‌ಲಿ ಎಂಬಿಬ್ಬರು 29 ದೇಶಗಳ ಅಂಕಿಅಂಶ ಹಿಡಿದು ಇದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ದೇಶ ಬಡವಾದಷ್ಟೂ ಕಲಿಕೆಯ ಮೇಲೆ ಶಾಲೆ ಮತ್ತು ಶಿಕ್ಷಕರ ಗುಣಮಟ್ಟದ ಪ್ರಭಾವ ಹೆಚ್ಚು, ಮನೆಯ ಪ್ರಭಾವ ಕಡಿಮೆ ಎಂಬುದು ಅವರಿಗೆ ಕಂಡಿತು. 2002ರಲ್ಲಿ ಬೇಕರ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು. ಎಲ್ಲ ದೇಶಗಳಲ್ಲೂ ಶಾಲೆಗಳು ಒಂದು ಮಟ್ಟಕ್ಕೆ ಬಂದ ಮೇಲೆ ಆ ವ್ಯತ್ಯಾಸ ಬಹುಪಾಲು ಕರಗಿದೆ ಎಂಬುದು ಅವರ ವಾದ. ಇರಬಹುದು. ಆದರೆ "ಒಂದು ಮಟ್ಟಕ್ಕೆ ಬಂದ ಮೇಲೆ" ಎಂಬ ಷರತ್ತನ್ನು ಗಮನಿಸಿ. ಎರಡು ಕೊಠಡಿಯಲ್ಲಿ ಐದು ತರಗತಿ ನಡೆಯುವ, ಗಣಿತದ ಹುದ್ದೆ ಖಾಲಿ ಬಿದ್ದಿರುವ ಶಾಲೆಗೆ ಆ ಷರತ್ತು ಅನ್ವಯವಾಗುವುದಿಲ್ಲ. ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಮಗುವಿಗೆ ಅಕ್ಷರ ಬರುವ ಬಾಗಿಲು ಒಂದೇ, ಅದು ನೀವು. ನಮ್ಮ ಭಾಗದಲ್ಲಿ ಶಾಲೆಗೆ ಶಕ್ತಿ ಕಡಿಮೆ ಎನ್ನುವವರು ಈ ಲೆಕ್ಕವನ್ನು ತಲೆಕೆಳಗಾಗಿ ಓದುತ್ತಿದ್ದಾರೆ.

ಇನ್ನು ಪಠ್ಯದ ಮಾತಿಗೆ ಬರೋಣ. ಪುನರುತ್ಪಾದನೆ ಎಂಬ ಪದವನ್ನು ಈ ಅರ್ಥದಲ್ಲಿ ಪ್ರಸಿದ್ಧಿಗೆ ತಂದವರು ಫ್ರಾನ್ಸ್‌ನ ಪಿಯರ್ ಬೋರ್ದ್ಯೂ. 1930ರಲ್ಲಿ ನೈಋತ್ಯ ಫ್ರಾನ್ಸ್‌ನ ಹಳ್ಳಿಯೊಂದರಲ್ಲಿ ಅಂಚೆ ನೌಕರನ ಮಗನಾಗಿ ಹುಟ್ಟಿ, ಪ್ಯಾರಿಸ್‌ನ ದೊಡ್ಡ ವಿದ್ಯಾಸಂಸ್ಥೆಗೆ ಹೋದವರು. ದೇವದುರ್ಗದಿಂದ ಬೆಂಗಳೂರಿನ ಕಾಲೇಜಿಗೆ ಹೋದ ಹುಡುಗನ ಮುಜುಗರ ಅವರಿಗೆ ವಿವರಿಸಿ ಹೇಳಬೇಕಾಗಿರಲಿಲ್ಲ. ಹಣ, ಹೊಲದ ಹಾಗೆಯೇ ಮಾತು, ನಡವಳಿಕೆ, ಓದಿನ ಅಭ್ಯಾಸಗಳೂ ಒಂದು ಬಂಡವಾಳ. ಅದು ಮನೆಯಿಂದ ಬರುತ್ತದೆ. ಶಾಲೆ ಅದನ್ನು ಕಲಿಸುವುದಿಲ್ಲ, ಆದರೆ ಅದಕ್ಕೆ ಅಂಕ ಕೊಡುತ್ತದೆ, ಅದಕ್ಕೆ ಬುದ್ಧಿವಂತಿಕೆ ಎಂಬ ಹೆಸರನ್ನೂ ಇಡುತ್ತದೆ ಎಂಬುದು ಅವರ ವಾದದ ತಿರುಳು. ಶಾಲೆ ಕಲಿಸದೆಯೇ ಕೇಳುವುದು ಏನನ್ನು ಎಂಬ ಪ್ರಶ್ನೆ ಇಟ್ಟುಕೊಂಡು ನಿಮ್ಮ ತರಗತಿಯನ್ನು ಒಂದು ವಾರ ನೋಡಿ, ಸಿದ್ಧಾಂತ ತಾನಾಗಿಯೇ ಅರ್ಥವಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. "ನಾನು ಕಂಡ ಪ್ರವಾಸಿ ಸ್ಥಳ" ಎಂಬ ಪ್ರಬಂಧ ನಮ್ಮ ಶಾಲೆಗಳಲ್ಲಿ ಎಂದಿಗೂ ಹಳೆಯದಾಗದ ವಿಷಯ. ಅಂಗಡಿಯವರ ಮಗ ಹಂಪಿಗೆ ಹೋಗಿ ಬಂದದ್ದನ್ನು ಒಂದು ಪುಟ ಬರೆಯುತ್ತಾನೆ, ಕಲ್ಲಿನ ರಥದ ಚಿತ್ರವನ್ನೂ ಅಂಟಿಸುತ್ತಾನೆ. ನಿಮ್ಮ ಲೆಕ್ಕದ ಹುಡುಗಿ ನಾಲ್ಕು ಸಾಲು ಗೀಚಿ ಪೆನ್ನು ಇಡುತ್ತಾಳೆ. ಆ ತರಗತಿಯಲ್ಲಿ ಅವಳಷ್ಟು ದೂರ ಹೋದವರು ಇರಲಿಕ್ಕಿಲ್ಲ. ರಾತ್ರಿ ಬಸ್ಸಿನಲ್ಲಿ ಹಿಟ್ಟಿನ ಚೀಲ, ಹಾಸಿಗೆಯ ಗಂಟಿನ ಜೊತೆ ಕುಳಿತು ಬೆಂಗಳೂರಿಗೆ ಹೋಗಿದ್ದಾಳೆ. ಕಟ್ಟುತ್ತಿರುವ ಮಹಡಿ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇದ್ದಾಳೆ. ಎಷ್ಟು ಬುಟ್ಟಿ ಮರಳಿಗೆ ಎಷ್ಟು ಚೀಲ ಸಿಮೆಂಟ್ ಎಂಬುದು ಅವಳಿಗೆ ಬಾಯಿಪಾಠ. ಬಹುಶಃ ಅನುಪಾತದ ಲೆಕ್ಕ ಅವಳಿಗೆ ಒಲಿದದ್ದೂ ಅಲ್ಲೇ. ಆದರೆ ಅದು "ಪ್ರವಾಸ" ಅಲ್ಲವೆಂದು ಯಾರೂ ಹೇಳದಿದ್ದರೂ ಅವಳಿಗೆ ಗೊತ್ತು. ತನ್ನ ಬದುಕಿನಲ್ಲಿ ಬರೆಯುವಂಥದ್ದು ಏನೂ ಇಲ್ಲ ಎಂದು ಒಂದು ಮಗು ತಾನೇ ತೀರ್ಮಾನಿಸುವುದಿದೆಯಲ್ಲ, ಬೋರ್ದ್ಯೂ ಅದನ್ನೇ ಸಾಂಕೇತಿಕ ಹಿಂಸೆ ಎಂದು ಕರೆದದ್ದು. ಪ್ರಬಂಧದ ತಲೆಬರಹವನ್ನು "ನಾನು ಮಾಡಿದ ಒಂದು ಪ್ರಯಾಣ" ಎಂದು ಬದಲಿಸಲು ಯಾವ ಇಲಾಖೆಯ ಸುತ್ತೋಲೆಯೂ ಬೇಕಾಗಿಲ್ಲ.

ಭಾಷೆಯ ಸಂಗತಿಯೂ ಇದರ ತಮ್ಮನೇ. ಮಗು "ಸಾಲಿ" ಎನ್ನುತ್ತದೆ, ನಾವು "ಶಾಲೆ" ಎಂದು ತಿದ್ದುತ್ತೇವೆ. ಎರಡನೆಯ ಸಲ ತಿದ್ದಿದಾಗ ಮಗು ಪದ ಬದಲಿಸುವುದಿಲ್ಲ, ಮಾತನ್ನೇ ನಿಲ್ಲಿಸುತ್ತದೆ. ಬ್ರಿಟನ್ನಿನ ಬೇಸಿಲ್ ಬರ್ನ್‌ಸ್ಟೀನ್ ದುಡಿಯುವ ವರ್ಗದ ಮಕ್ಕಳ ಮಾತಿನ ರೀತಿ ಶಾಲೆಯ ಮಾತಿನ ರೀತಿಗಿಂತ ಬೇರೆ, ಆದ್ದರಿಂದ ಅವರು ಅಲ್ಲಿ ಎಡವುತ್ತಾರೆ ಎಂದರು. ಬೇರೆ ಎಂಬುದನ್ನು ಜನ ಕೊರತೆ ಎಂದು ಓದಿಕೊಂಡರು. ಅಮೆರಿಕದ ವಿಲಿಯಂ ಲಬೋವ್ ನ್ಯೂಯಾರ್ಕ್‌ನ ಕರಿಯ ಮಕ್ಕಳ ಮಾತನ್ನು ಧ್ವನಿಮುದ್ರಿಸಿ, ಪರೀಕ್ಷಕನ ಮುಂದೆ ತುಟಿ ಬಿಚ್ಚದ ಮಗು ತನ್ನವರ ನಡುವೆ ಎಷ್ಟು ತರ್ಕಬದ್ಧವಾಗಿ ಮಾತಾಡುತ್ತದೆ ಎಂದು ತೋರಿಸಿದರು. ರಾಯಚೂರಿನಲ್ಲಿ ಇದನ್ನು ಇನ್ನೂ ನಾಲ್ಕು ಪಟ್ಟು ಮಾಡಿಕೊಳ್ಳಿ. ತಾಂಡಾದ ಮಗುವಿಗೆ ಮನೆಮಾತು ಲಂಬಾಣಿ. ಸಿಂಧನೂರು, ಗಂಗಾವತಿ ಕಡೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು. ಸಿಂಧನೂರಿನ ನಿರಾಶ್ರಿತರ ಕ್ಯಾಂಪುಗಳಲ್ಲಿ ಬಂಗಾಳಿ. ಪಟ್ಟಣದ ಓಣಿಗಳಲ್ಲಿ ಉರ್ದು. ಕನ್ನಡವೇ ಮನೆಮಾತಾದ ಮಗುವಿಗೂ ಪಠ್ಯಪುಸ್ತಕದ ಕನ್ನಡ ದೂರದ ನೆಂಟ. ಇಂಗ್ಲಿಷ್ ಮಾಧ್ಯಮದ ಜಗಳದಲ್ಲಿ ಈ ಮೊದಲನೆಯ ಮಾಧ್ಯಮದ ಜಗಳ ನಮಗೆ ಕಾಣಿಸುವುದೇ ಇಲ್ಲ. ಲಂಬಾಣಿ ಮಾತಿನ ಹತ್ತಿಪ್ಪತ್ತು ಪದಗಳನ್ನು ಮಕ್ಕಳಿಂದಲೇ ಕಲಿತುಕೊಳ್ಳಿ. ಶಿಕ್ಷಕಿ ತಪ್ಪು ಉಚ್ಚಾರ ಮಾಡಿ ನಗೆಗೀಡಾಗುವುದನ್ನು ನೋಡಿದ ತರಗತಿಯಲ್ಲಿ ಮಕ್ಕಳಿಗೂ ತಪ್ಪು ಮಾಡುವ ಧೈರ್ಯ ಬರುತ್ತದೆ.

ಇನ್ನು "ಅದೇ ಕೇರಿ" ಎಂದು ನೀವೇ ಬರೆದಿದ್ದೀರಿ. ಜಾತಿಯ ಮಾತನ್ನು ತೆಗೆಯದೆ ಈ ಉತ್ತರ ಮುಗಿಯುವುದಿಲ್ಲ.

ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರನೇ, ಏಳನೇ ತರಗತಿಯ ಹುಡುಗರನ್ನು ಕೂರಿಸಿ, ಕಾಗದದ ಮೇಲಿನ ಚಕ್ರವ್ಯೂಹದಲ್ಲಿ ದಾರಿ ಹುಡುಕುವ ಆಟ ಆಡಿಸಿದರು. ಯಾರ ಜಾತಿಯೂ ಪ್ರಸ್ತಾಪವಾಗದಿದ್ದಾಗ ಮೇಲ್ಜಾತಿಯ ಮತ್ತು ದಲಿತ ಹುಡುಗರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎಲ್ಲರ ಮುಂದೆ ಹೆಸರು, ಊರು, ಜಾತಿ ಓದಿ ಹೇಳಿ ಆಟ ಶುರು ಮಾಡಿದಾಗ ದಲಿತ ಹುಡುಗರ ಸಾಧನೆ ಕುಸಿಯಿತು. ಅದೇ ಹುಡುಗರು, ಅದೇ ಆಟ. 2006ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಶಿಕ್ಷಕರ ತರಬೇತಿಗಳಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ಈಗ ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನವನ್ನು ನೆನಪಿಸಿಕೊಳ್ಳಿ. "ಎಸ್‌ಸಿ ಮಕ್ಕಳು ಎದ್ದು ನಿಲ್ಲಿ, ಕೈ ಎತ್ತಿ, ಎಣಿಸುತ್ತೇನೆ." ಯಾರಿಗೂ ಕೆಟ್ಟ ಉದ್ದೇಶ ಇರುವುದಿಲ್ಲ. ಹಣ ಬರಲಿ ಎಂದೇ ಮಾಡುವ ಕೆಲಸ ಅದು. ಅದೇ ಬೆಳಿಗ್ಗೆ ಕಿರುಪರೀಕ್ಷೆಯೂ ಇದ್ದರೆ?

ನಾನೂ ಇದರಲ್ಲಿ ತಪ್ಪಿತಸ್ಥ. ಒಂದು ವರ್ಷ ಕಾಲೇಜಿನ ಪ್ರವೇಶದ ಮೇಜಿನ ಹಿಂದೆ ಕುಳಿತಿದ್ದೆ. ಸರದಿಯಲ್ಲಿ ನಲವತ್ತು ಜನ. ಒಬ್ಬ ಹುಡುಗಿ ತುಂಬಿದ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಖಾಲಿ ಇತ್ತು. "ಏನಮ್ಮಾ, ತಂದೆ ಹೆಸರೇ ಬರೆದಿಲ್ಲವಲ್ಲ?" ಎಂದು ಗಟ್ಟಿಯಾಗಿಯೇ ಕೇಳಿದೆ. ಅವಳು ತಲೆ ಎತ್ತಲಿಲ್ಲ. ಪಕ್ಕದಲ್ಲಿ ನಿಂತಿದ್ದ ತಾಯಿ ಕೊರಳಿನ ಮುತ್ತನ್ನು ಸೆರಗಿನಿಂದ ಮುಚ್ಚಿಕೊಂಡಳು. ಆಗ ನನಗೆ ಅರ್ಥವಾಯಿತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾನೂನು ನಮ್ಮ ರಾಜ್ಯದಲ್ಲಿ ಬಂದದ್ದು 1982ರಲ್ಲಿ. ನಮ್ಮ ಅರ್ಜಿಯ ಆ ಒಂದು ಗೆರೆಗೆ ಮತ್ತು ನನ್ನ ಗಂಟಲಿಗೆ ಅದು ತಲುಪಿರಲಿಲ್ಲ. ಹುಡುಗಿ ಸೇರಿದಳು, ಆದರೆ ಮೂರು ವರ್ಷದಲ್ಲಿ ನನ್ನ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ದಡ್ಡಿ ಎಂದು ನಾನು ಬರೆದುಕೊಂಡಿದ್ದರೆ ಅದು ಯಾರ ದಡ್ಡತನ?

ಶಿಕ್ಷಕರ ನಿರೀಕ್ಷೆ ಮಕ್ಕಳ ಸಾಧನೆಯನ್ನು ರೂಪಿಸುತ್ತದೆ ಎಂಬ ರೊಸೆಂತಾಲ್ ಮತ್ತು ಜೇಕಬ್‌ಸನ್ ಅವರ 1968ರ ಪ್ರಯೋಗ ನಿಮ್ಮ ಪಠ್ಯದಲ್ಲಿ ಇದ್ದೇ ಇರುತ್ತದೆ. ಅದರ ಅಂಕಿಗಳ ಮೇಲೆ ಸಾಕಷ್ಟು ತಕರಾರುಗಳಿವೆ, ಪರಿಣಾಮವನ್ನು ಹಿಗ್ಗಿಸಿ ಹೇಳಬೇಡಿ. ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ ಮಂಡಿಸಿದ ವಾದವೂ ಇರುತ್ತದೆ: ಗಂಟೆ ಹೊಡೆದಾಗ ಏಳು, ಸಾಲಿನಲ್ಲಿ ನಿಲ್ಲು, ಎದುರು ಮಾತಾಡಬೇಡ ಎಂದು ಶಾಲೆ ಕಲಿಸುವುದು ಕಾರ್ಖಾನೆಯ ಶಿಸ್ತನ್ನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿ ಅದನ್ನು ಓದಿದರೆ ನಿಜವೆನಿಸುತ್ತದೆ. ಮಸ್ಕಿಯ ಮಕ್ಕಳಿಗಾಗಿ ಕಾದಿರುವುದು ಹತ್ತಿಯ ಹೊಲ, ಮೆಣಸಿನಕಾಯಿಯ ಹೊಲ. ಅಲ್ಲಿ ಹತ್ತಿ ಬಿಡಿಸಲು ಗಂಟೆಯೂ ಬೇಡ, ಸಾಲೂ ಬೇಡ. ನಮ್ಮಲ್ಲಿ ಹೊಲ ಶಾಲೆಯೊಳಕ್ಕೆ ಬರುವುದಿಲ್ಲ, ಮಕ್ಕಳನ್ನೇ ಹೊರಕ್ಕೆ ಎಳೆದುಕೊಳ್ಳುತ್ತದೆ. ಆ ಸಿದ್ಧಾಂತ ನಮಗೆ ಅರ್ಧ ಅಳತೆಯ ಅಂಗಿ.

ಆದ್ದರಿಂದ ಹಾಜರಿ ಪುಸ್ತಕವನ್ನೇ ಸಮಾಜಶಾಸ್ತ್ರದ ಪುಸ್ತಕದಂತೆ ಓದಿ ಎನ್ನುತ್ತೇನೆ. ಜೂನ್‌ನಿಂದ ಹೆಸರುಗಳ ಮುಂದೆ ಗುರುತುಗಳು ತುಂಬಿಕೊಂಡು ಬರುತ್ತವೆ. ದಸರೆ ಕಳೆದು ಹತ್ತಿ ಒಡೆಯುತ್ತಿದ್ದಂತೆ ಸೋಮವಾರ, ಮಂಗಳವಾರಗಳಲ್ಲಿ ಚುಕ್ಕೆ ಚುಕ್ಕೆಯಾಗಿ ಗೈರುಹಾಜರಿ ಕಾಣಿಸುತ್ತದೆ. ದೀಪಾವಳಿಯ ನಂತರ ಕೆಲವು ಹೆಸರುಗಳ ಮುಂದೆ ಸಾಲಿಗೆ ಸಾಲೇ ಖಾಲಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆರರಿಂದ ಎಂಟನೇ ತರಗತಿಗೆ ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ದೀಪಾವಳಿಗೆ ಹೋಗಿ ಯುಗಾದಿಗೆ ಮರಳುವ ಮಗುವಿಗೆ ಇದರಲ್ಲಿ ಅರ್ಧವೂ ದಕ್ಕುವುದಿಲ್ಲ. ಒಂದೇ ಪುಸ್ತಕ ಎಂದಿರಿ. ಅವಳ ಪುಸ್ತಕದಲ್ಲಿ ಹಿಂದಿನ ಅರ್ಧ ಇಲ್ಲವೇ ಇಲ್ಲ. ಪ್ರತಿ ವರ್ಷವೂ ಇಲ್ಲ. ಎಂಟು ವರ್ಷದ ಶಾಲೆಯಲ್ಲಿ ಅವಳು ಓದಿದ್ದು ನಾಲ್ಕು ವರ್ಷ. ಅಷ್ಟಾಗಿಯೂ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದಾಳೆಂದರೆ ಅವಳ ಬಗ್ಗೆ ನೀವು ಬರೆದದ್ದು ಕಡಿಮೆಯೇ. ನಿಮ್ಮ ನೌಕರಿಯೂ ಇದೇ ಕಥೆಯ ಭಾಗ ಎಂಬುದನ್ನು ಹೇಳದಿದ್ದರೆ ನಾನು ಅಪ್ರಾಮಾಣಿಕನಾಗುತ್ತೇನೆ. ಕಾಯಂ ಶಿಕ್ಷಕರು ವರ್ಗಾವಣೆ ಪಡೆದು ಹೋದ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ, ವರ್ಷ ಮುಗಿಯುತ್ತಿದ್ದಂತೆ ಅವರೂ ಹೋಗುತ್ತಾರೆ. ಗುಳೆಯಿಂದ ಮರಳಿದ ಮಗುವಿಗೆ ತನ್ನನ್ನು ಗುರುತಿಸುವ ಶಿಕ್ಷಕಿಯೂ ಇಲ್ಲದಂತಾಗುತ್ತದೆ. ಬಡವರ ಶಾಲೆಗೆ ಬಡ ಸಂಬಳದ ಶಿಕ್ಷಕರು ಎಂಬ ಈ ಏರ್ಪಾಟಿಗೆ ಯಾವ ಸಿದ್ಧಾಂತಿಯ ಹೆಸರೂ ಬೇಡ.

ಇದೆಲ್ಲ ನಮ್ಮ ಹಣೆಬರಹ, ನಿಜಾಮರ ಕಾಲದಿಂದ ಬಂದದ್ದು ಎನ್ನುವವರು ನಿಮ್ಮ ಸಿಬ್ಬಂದಿ ಕೊಠಡಿಯಲ್ಲಿ ಖಂಡಿತ ಇರುತ್ತಾರೆ. ಇತಿಹಾಸ ಸುಳ್ಳಲ್ಲ. ಮೈಸೂರು ಸಂಸ್ಥಾನ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಮಾಡಿದ್ದು 1913ರಲ್ಲಿ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1948ರವರೆಗೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಅಲ್ಲಿ ಮೇಲಿನ ಓದಿನ ಭಾಷೆ ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36, ರಾಯಚೂರಿನದು ಶೇ 59.56. ರಾಯಚೂರಿನ ಮಹಿಳೆಯರಲ್ಲಿ ಅರ್ಧದಷ್ಟು ಜನಕ್ಕೂ ಅಕ್ಷರ ಬರುತ್ತಿರಲಿಲ್ಲ.

ಆದರೆ ಇದೇ ಪಟ್ಟಿಯಲ್ಲಿ ಕೊಪ್ಪಳವನ್ನು ನೋಡಿ. 1997ರವರೆಗೆ ಅದು ರಾಯಚೂರು ಜಿಲ್ಲೆಯ ಭಾಗ. ಅದೇ ನಿಜಾಮರು, ಅದೇ ಬರ, ಅದೇ ಗುಳೆ. 2011ರಲ್ಲಿ ಅಲ್ಲಿನ ಸಾಕ್ಷರತೆ ಶೇ 68.09, ಮದ್ರಾಸ್ ಪ್ರಾಂತ್ಯದ ಹಿನ್ನೆಲೆಯ ಬಳ್ಳಾರಿಗಿಂತಲೂ ಕೂದಲೆಳೆಯಷ್ಟು ಮುಂದೆ. ನಿಜಾಮರೇ ಎಲ್ಲಕ್ಕೂ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಸಣ್ಣ ಜಿಲ್ಲೆ, ಗವಿಮಠದಂಥ ಸಂಸ್ಥೆಗಳು ಹಳ್ಳಿಯ ಮಕ್ಕಳಿಗೆ ಅನ್ನ ಮತ್ತು ವಸತಿ ಕೊಟ್ಟು ಓದಿಸಿದ ಪರಂಪರೆ, ಇವಕ್ಕೆಲ್ಲ ಪಾಲು ಇದ್ದೀತು ಎಂಬುದು ನನ್ನ ಅಂದಾಜು. ಹಿಂದುಳಿದ ಪ್ರದೇಶ ಎಂಬ ಹಣೆಪಟ್ಟಿಯ ಒಳಗೂ ಇಷ್ಟು ವ್ಯತ್ಯಾಸವಿದೆ ಎಂಬುದೇ ನಮ್ಮ ಕೈಯಲ್ಲಿ ಏನೋ ಇದೆ ಎಂಬುದಕ್ಕೆ ಸಾಕ್ಷಿ.

ಅನ್ನದ ಮಾತು ಬಂತು. ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ನಮ್ಮಂಥ ಹಿಂದುಳಿದ ಜಿಲ್ಲೆಗಳಲ್ಲಿ. ಬಿಸಿಯೂಟಕ್ಕೆ ಮೊಟ್ಟೆ ಬಂದದ್ದೂ 2021ರ ಡಿಸೆಂಬರ್‌ನಲ್ಲಿ ಮೊದಲು ಈ ಭಾಗಕ್ಕೇ. ಮೊಟ್ಟೆ ಬೇಕೇ ಬೇಡವೇ ಎಂದು ಊಟ ತುಂಬಿದವರು ಟಿ.ವಿ.ಯಲ್ಲಿ ಚರ್ಚಿಸುತ್ತಿದ್ದಾಗ ಮಕ್ಕಳು ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಶಾಲೆ ಏನು ಮಾಡೀತು ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ.

ಹಾಗಾದರೆ ಶಾಲೆಗಳು ಹೆಚ್ಚಿದರೂ, ಊಟ ಬಂದರೂ, 2010ರಿಂದ ಶಿಕ್ಷಣ ಹಕ್ಕೇ ಆದರೂ ಅಂತರ ಏಕೆ ಕರಗುವುದಿಲ್ಲ? ಈ ಪ್ರಶ್ನೆಗೆ ನನಗೆ ಅತ್ಯಂತ ಒಪ್ಪಿಗೆಯಾದ ಉತ್ತರ ಬೋರ್ದ್ಯೂ ಅವರದ್ದಲ್ಲ. ರ‍್ಯಾಫ್ಟರಿ ಮತ್ತು ಹೌಟ್ 1993ರಲ್ಲಿ ಐರ್ಲೆಂಡನ್ನು ಅಧ್ಯಯನ ಮಾಡಿ ಹೇಳಿದರು: ಒಂದು ಹಂತದ ಶಿಕ್ಷಣದಲ್ಲಿ ಮೇಲಿನವರೆಲ್ಲರೂ ತುಂಬಿಕೊಂಡ ಮೇಲಷ್ಟೇ ಅಲ್ಲಿ ಕೆಳಗಿನವರೊಂದಿಗಿನ ಅಂತರ ಕಡಿಮೆಯಾಗುತ್ತದೆ. 2001ರಲ್ಲಿ ಸ್ಯಾಮುಯೆಲ್ ಲೂಕಸ್ ಇನ್ನೊಂದು ಮಾತು ಸೇರಿಸಿದರು: ಎಲ್ಲರೂ ಒಂದೇ ಹಂತಕ್ಕೆ ಬಂದಾಗ, ಉಳ್ಳವರು ಅದೇ ಹಂತದೊಳಗೆ ಮೇಲ್ತರದ್ದನ್ನು ಹುಡುಕಿಕೊಳ್ಳುತ್ತಾರೆ. ಅಸಮಾನತೆ ಕರಗುವುದಿಲ್ಲ, ಜಾಗ ಬದಲಿಸುತ್ತದೆ.

ನಮ್ಮ ಅಜ್ಜನ ಕಾಲದಲ್ಲಿ ಅದು ಶಾಲೆಯ ಹೊಸ್ತಿಲಲ್ಲಿ ಕುಳಿತಿತ್ತು. ನನ್ನ ಕಾಲಕ್ಕೆ ಎಸ್‌ಎಸ್‌ಎಲ್‌ಸಿಗೆ ಸರಿಯಿತು. ಈಗ ಒಂದನೇ ತರಗತಿಗೆ ಎಲ್ಲರೂ ಬರುತ್ತಾರೆ, ಹಾಗಾಗಿ ಅದು ಯಾವ ಶಾಲೆ, ಯಾವ ಮಾಧ್ಯಮ, ಯಾವ ಕೋಚಿಂಗ್ ಎಂಬಲ್ಲಿಗೆ ಬಂದು ಕುಳಿತಿದೆ. ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2019ರಲ್ಲಿ ಸರ್ಕಾರವೇ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಖಾಸಗಿ ಶಾಲೆಗಳಲ್ಲಿ ಬಡವರ ಮಕ್ಕಳಿಗೆ ಶೇ 25 ಸೀಟು ಕೊಡುವ ಅವಕಾಶವೂ ಅದೇ ವರ್ಷ, ಹತ್ತಿರದಲ್ಲಿ ಸರ್ಕಾರಿ ಶಾಲೆ ಇಲ್ಲದ ಕಡೆಗಷ್ಟೇ ಎಂದು ಕುಗ್ಗಿತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ಕ್ಯಾಮೆರಾದ ನೇರ ಕಣ್ಗಾವಲು, ಬಂದ ವರ್ಷ ಎಸ್‌ಎಸ್‌ಎಲ್‌ಸಿ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಕಲಿಸದೆ ಮುಂದಕ್ಕೆ ತಳ್ಳಿದ್ದನ್ನು ಇಷ್ಟು ದಿನ ಯಾವುದು ಮುಚ್ಚಿಟ್ಟಿತ್ತು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಕಥೆಯೂ ಹೀಗೆಯೇ. ಅದು ನಮ್ಮ ಹೋರಾಟದ ಫಲ, ಅದರ ಮೇಲೆ ನನಗೆ ಗೌರವವಿದೆ. 2013ರಿಂದ ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ಆದರೆ ಆ ಸೀಟಿನ ಬಾಗಿಲು ತೆರೆಯುವುದು ಪಿಯುಸಿ ದಾಟಿದ ಮೇಲೆ. ರಾಯಚೂರು ನಗರದ ವೈದ್ಯರ ಮಗನೂ ಸ್ಥಳೀಯನೇ, ನಿಮ್ಮ ಹುಡುಗಿಯೂ ಸ್ಥಳೀಯಳೇ. ಒಂಬತ್ತಕ್ಕೇ ಶಾಲೆ ಬಿಟ್ಟವಳಿಗೆ ಸ್ಥಳೀಯಳೆಂಬ ಪ್ರಮಾಣಪತ್ರ ಬರೀ ಕಾಗದ. ರೈತರ ಬೆವರಿನ ಕಂದಾಯದ ಹಣವೆಲ್ಲ ಮೇಲಿನವರ ಉನ್ನತ ಶಿಕ್ಷಣಕ್ಕೆ ಹೋಗುತ್ತಿದೆ, ಮೊದಲು ಪ್ರಾಥಮಿಕ ಶಿಕ್ಷಣ ಕೊಡಿ ಎಂದು ಜ್ಯೋತಿರಾವ್ ಫುಲೆ 1882ರಲ್ಲೇ ಬ್ರಿಟಿಷ್ ಸರ್ಕಾರದ ಶಿಕ್ಷಣ ಆಯೋಗವಾದ ಹಂಟರ್ ಆಯೋಗಕ್ಕೆ ಬರೆದುಕೊಟ್ಟಿದ್ದರು. ಬೋರ್ದ್ಯೂ ಹುಟ್ಟುವುದಕ್ಕೆ 48 ವರ್ಷ ಮೊದಲು. ನಿಮ್ಮ ಎಂ.ಎ. ಪರೀಕ್ಷೆಯಲ್ಲಿ ಫ್ರೆಂಚ್ ಹೆಸರುಗಳ ಜೊತೆ ಈ ಹೆಸರನ್ನೂ ಬರೆಯಿರಿ. ಮೌಲ್ಯಮಾಪಕರು ಪುಟ ತಿರುಗಿಸುವ ಮುನ್ನ ಒಂದು ಕ್ಷಣ ನಿಲ್ಲುತ್ತಾರೆ.

ಈಗ ಆ ಹುಡುಗಿಯ ವಿಷಯ. ಅವಳಿಗೆ ಕೊಡಬಹುದಾದ ಬಂಡವಾಳಗಳಲ್ಲಿ ಅತ್ಯಂತ ಅಗ್ಗದ್ದು ಮಾಹಿತಿ. ಓದಿದ ಮನೆಗಳಲ್ಲಿ ಅದು ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ, ಅವಳ ಮನೆಗೆ ನೀವು ಹೇಳದೆ ತಲುಪುವುದಿಲ್ಲ. ಎಂಟನೇ ತರಗತಿಯಲ್ಲೇ ಬರೆಯಬೇಕಾದ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ, ವಾರ್ಷಿಕ 3.5 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ಇಲ್ಲದ ಮನೆಗಳ ಮಕ್ಕಳಿಗಾಗಿ ಇರುವುದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಇದರಿಂದ ಗುಳೆ ನಿಲ್ಲುವುದಿಲ್ಲ. ಆದರೆ ಓದುವ ಹುಡುಗಿಯ ಹೆಸರಿಗೆ ತಿಂಗಳಿಗೆ ಸಾವಿರ ರೂಪಾಯಿ ಬರುತ್ತದೆ ಎಂದಾಗ ಮನೆಯಲ್ಲಿ ಅವಳ ಓದಿನ ಬಗ್ಗೆ ನಡೆಯುವ ಮಾತಿನ ಧಾಟಿ ಬದಲಾಗುವುದನ್ನು ನಾನು ಕಂಡಿದ್ದೇನೆ. ಪರೀಕ್ಷೆಯಲ್ಲಿ ಅರ್ಧ ಭಾಗ ತರ್ಕಶಕ್ತಿಯ ಪ್ರಶ್ನೆಗಳು. ಅವಳಿಗೆ ಅದು ಕಷ್ಟವಾಗಲಾರದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಅಭ್ಯಾಸವಾಗಿರಬೇಕು, ಅಷ್ಟೇ.

ಎರಡನೆಯದು, ಅವಳನ್ನು ಊರಲ್ಲೇ ಉಳಿಸುವ ದಾರಿ. ಅಜ್ಜಿ ಮನೆಯಲ್ಲಿದ್ದಾಳೆಯೇ ಎಂದು ಮೊದಲು ವಿಚಾರಿಸಿ. ಇಲ್ಲವಾದರೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಇಂಥ ಹುಡುಗಿಯರಿಗೆಂದೇ ಇರುವ ವಸತಿ ಶಾಲೆ. ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ಪೂರ್ವ ವಿದ್ಯಾರ್ಥಿನಿಲಯಗಳೂ ಇವೆ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ಕೇಂದ್ರ ತೆರೆಯಲು ಸಮಗ್ರ ಶಿಕ್ಷಣ ಯೋಜನೆಯಲ್ಲಿ ಅವಕಾಶವಿದೆ. ನಿಮ್ಮ ಕ್ಲಸ್ಟರಿನಿಂದ ಇಷ್ಟು ಮಕ್ಕಳು ಹೋಗುತ್ತಾರೆ ಎಂಬ ಹೆಸರು ಸಹಿತ ಪಟ್ಟಿಯನ್ನು ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಅವರ ಕೈಗೆ ಬರಹದಲ್ಲಿ ಕೊಡಿ. ಬಾಯಿಮಾತಿನ ಬೇಡಿಕೆ ಕಡತ ಸೇರುವುದಿಲ್ಲ. ಇಷ್ಟಾಗಿಯೂ ಅವಳು ಹೋಗಲೇಬೇಕಾದರೆ, ವರ್ಗಾವಣೆ ಪತ್ರ ತಡವಾಯಿತು ಎಂಬ ಕಾರಣಕ್ಕೆ ಬೆಂಗಳೂರಿನ ಸರ್ಕಾರಿ ಶಾಲೆ ಅವಳನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಸೆಕ್ಷನ್ ಹೇಳುತ್ತದೆ. ಇದನ್ನು ಒಂದು ಚೀಟಿಯಲ್ಲಿ ಬರೆದು, ಶಾಲೆಯ ಮೊಹರು ಒತ್ತಿ, ಅವಳ ಅಪ್ಪನ ಜೇಬಿಗೆ ಕೊಟ್ಟು ಕಳಿಸಿ. ಅಲ್ಲಿನ ಮೇಸ್ತ್ರಿಯ ಮೊಬೈಲ್ ನಂಬರ್ ಬರೆದಿಟ್ಟುಕೊಳ್ಳಿ.

ಎನ್‌ಎಂಎಂಎಸ್ ಅರ್ಜಿಗೂ ಹಾಸ್ಟೆಲ್ಲಿಗೂ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೇಳುತ್ತಾರೆ. ಅವನ್ನು ಮಾಡಿಸುವುದು ನಾಡಕಚೇರಿಯಲ್ಲಿ. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಎರಡು ಮೂರು ಸಲ ಅಲೆಯಬೇಕಾಗುತ್ತದೆ, ಒಂದೊಂದು ಅಲೆದಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಸಹಿ ಹಾಕಲು ಅಪ್ಪ ಊರಲ್ಲಿ ಇರುವುದಿಲ್ಲ. ಹಾಗಾಗಿ ಈ ವಾರವೇ ದಾಖಲಾತಿ ಪುಸ್ತಕ ತೆಗೆದು ಅವಳ ಹೆಸರಿನ ಕಾಗುಣಿತವನ್ನು ಆಧಾರ್ ಜೊತೆ ಇಟ್ಟು ನೋಡಿ.